ಪೆಟ್ಟಿಗೆ ಊರಿಗೆ, ನಾವು ನಿಝ್ವಾಕ್ಕೆ

ಈಶ್ವರಮಂಗಲ

ಹದಿನಾಲ್ಕು ವರ್ಷಗಳಲ್ಲಿ ನಾನು ಏಳು ಸಲ ಒಮಾನಿನ ವಿಮಾನ ಹತ್ತಿದ್ದೇನೆ, ಏಳು ಸಲವೂ ಒಬ್ಬನೇ. ಒಬ್ಬನೇ ಹೋಗುವವನಿಗೆ ತಯಾರಿ ಎಂದು ಏನಿರುತ್ತದೆ? ನಾಲ್ಕು ಜೊತೆ ಬಟ್ಟೆ, ಒಂದು ಬಾಟಲಿ ಉಪ್ಪಿನಕಾಯಿ, ಪಾಸ್‌ಪೋರ್ಟ್. ಎಂಟನೆಯ ಸಲ ಹೆಂಡತಿ, ಮಗಳನ್ನು ಕರೆದುಕೊಂಡು ಹೊರಟೆ. ಒಂದು ಸಂಸಾರವನ್ನು ಬುಡಸಮೇತ ಎತ್ತಿ ಸಮುದ್ರ ದಾಟಿಸುವುದೆಂದರೆ ಎಷ್ಟು ಕೆಲಸ ಎಂದು ಆಗ ಗೊತ್ತಾಯಿತು.

ನಾನು ಟೈಲರ್. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಪುತ್ತೂರು ಬಸ್ ನಿಲ್ದಾಣದ ಹಿಂದಿನ ಒಂದು ಅಂಗಡಿಯಲ್ಲಿ ಬಟನ್ ಹಾಕಲು ಕುಳಿತವನು. ಈಗ ಒಮಾನಿನ ನಿಝ್ವಾ ಎಂಬ ಊರಿನಲ್ಲಿ ಅಲ್ಲಿನ ಗಂಡಸರು ತೊಡುವ ಉದ್ದನೆಯ ಬಿಳಿ ನಿಲುವಂಗಿ ಹೊಲಿಯುತ್ತೇನೆ. ಅಂಗಡಿಯ ಮೆಟ್ಟಿಲು ಹತ್ತಿ ಬರುವವನನ್ನು ಒಮ್ಮೆ ನೋಡಿದರೆ ಟೇಪ್ ಹಿಡಿಯುವ ಮೊದಲೇ ಅವನ ಹೆಗಲಿನ ಅಳತೆ ಹೇಳಬಲ್ಲೆ. ತಪ್ಪಿದರೆ ಕಾಲಿಂಚು. ಇದನ್ನು ಜಂಬಕ್ಕೆ ಹೇಳುವುದಲ್ಲ. ಸ್ವಲ್ಪ ಜಂಬಕ್ಕೂ ಹೌದು.

ಈ ವರ್ಷ ನಮ್ಮ ಅರಬಿ ಯಜಮಾನ ನನ್ನನ್ನು ಅಂಗಡಿಯ ಮಾಸ್ಟರ್ ಮಾಡಿದ, ಕುಟುಂಬವನ್ನು ಕರೆಸಿಕೊಳ್ಳುವ ಕಾಗದಕ್ಕೂ ಸಹಿ ಹಾಕಿದ. ಫೋನಿನಲ್ಲಿ ಹೇಳಿದಾಗ ಹೆಂಡತಿ ಝುಬೈದಾ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಷರತ್ತು ಹಾಕಿದಳು. ಮನೆಯಲ್ಲಿ ನಮ್ಮದು ಬ್ಯಾರಿ ಮಾತು. ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬರ್ತೇವೆ. ಆದರೆ ಅಲ್ಲಿ ಸಫಾಳಿಗೆ ಶಾಲೆಯಲ್ಲಿ ಸೀಟು ಸಿಗದಿದ್ದರೆ ಮರುದಿನವೇ ನಾನು ಅವಳನ್ನು ಕರ್ಕೊಂಡು ವಾಪಸ್ ಬರುದು. ಆಮೇಲೆ ನೀವು ಅಲ್ಲಿ, ನಾವು ಇಲ್ಲಿ. ಪುನಃ ಈ ಸುದ್ದಿ ಎತ್ಲಿಕ್ಕಿಲ್ಲ."

ಸಫಾ ನಮ್ಮ ಒಬ್ಬಳೇ ಮಗಳು, ಎಂಟನೆಯದು ಮುಗಿಸಿ ಒಂಬತ್ತಕ್ಕೆ ಕಾಲಿಟ್ಟವಳು. ಹುಟ್ಟಿದ ಮೂರನೇ ತಿಂಗಳಿಗೆ ನಾನು ಮೊದಲ ಸಲ ವಿಮಾನ ಹತ್ತಿದ್ದು. ಅವಳನ್ನು ಎತ್ತಿ ಬೆಳೆಸಲಿಲ್ಲ, ಆದರೆ ಅವಳು ತೊಟ್ಟ ಅಂಗಿಗಳೆಲ್ಲ ನನ್ನ ಕೈಯವು. ಝುಬೈದಾ ಫೋನಿನಲ್ಲಿ ಅಳತೆ ಹೇಳುತ್ತಾಳೆ, ನಾನು ನಿಝ್ವಾದಲ್ಲಿ ಹೊಲಿದು ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತೇನೆ. ಎರಡು ವರ್ಷದ ಹಿಂದೆ ಮಗಳೇ ಫೋನ್ ತೆಗೆದುಕೊಂಡಿದ್ದಳು. ಅಪ್ಪನಿಗೆ ನಮ್ಮಲ್ಲಿ ಉಪ್ಪಾ ಎನ್ನುವುದು. "ಉಪ್ಪಾ, ತೋಳಿನ ತುದಿಗೆ ಪಟ್ಟಿ ಇಟ್ಟು ಬಟನ್ ಹಾಕಿ. ಬಿಗಿ ಇರ್ಲಿ. ಕೈ ಎತ್ತಿದರೆ ಮೇಲೆ ಜಾರ್ಬಾರ್ದು." ಮಕ್ಕಳ ಹೊಸ ಫ್ಯಾಶನ್ ಎಂದುಕೊಂಡು ಮುತ್ತಿನಂಥ ಬಟನ್ ಹುಡುಕಿ ತಂದು ಹಾಕಿದೆ. ಅಂದಿನಿಂದ ಎಲ್ಲ ಅಂಗಿಗೂ ಅದೇ.

ಪುತ್ತೂರು

ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದೆ. ಆ ತಿಂಗಳು ನಾನು ಮನೆಯಲ್ಲಿದ್ದದ್ದಕ್ಕಿಂತ ಆಫೀಸುಗಳ ಬೆಂಚಿನ ಮೇಲೆ ಇದ್ದದ್ದೇ ಹೆಚ್ಚು. ಮದುವೆಯ ಕಾಗದ, ಮಗಳ ಟಿ.ಸಿ., ಅಂಕಪಟ್ಟಿ, ಶಾಲೆಯ ಆರೋಗ್ಯ ಕಾರ್ಡು, ಎಲ್ಲಕ್ಕೂ ಮುದ್ರೆ ಬೇಕು. ಆ ಮುದ್ರೆ ಅಸಲಿ ಎಂದು ಹೇಳಲು ಇನ್ನೊಂದು ಮುದ್ರೆ. ಅದರ ಮೇಲೆ ಇನ್ನೂ ದೊಡ್ಡ ಊರಿನ ಮುದ್ರೆ.

ಒಂದು ಕಡೆ ಫಾರಂ ತುಂಬಿಸಲು ಹೊತ್ತಾಯಿತು. ಕಿಟಕಿಯ ಆಚೆಗಿದ್ದವರು ಕೇಳಿದರು, "ಎಂತ, ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ವಾ?"

"ಬರ್ತದೆ. ನಿಧಾನ ಬರ್ತದೆ. ನೀವು ಸ್ವಲ್ಪ ನಿಲ್ಲಿ," ಎಂದೆ.

ಅವರು ನಿಂತರು. ನಾನು ಒಂದೊಂದೇ ಅಕ್ಷರ ತುಂಬಿಸಿದೆ, ಒಂದೂ ತಪ್ಪಲಿಲ್ಲ. ಅರಬಿಯನ್ನು ಕಿವಿಯಿಂದ ಕಲಿತವನಿಗೆ ಇಂಗ್ಲಿಷು ಕಣ್ಣಿಂದ ಕಲಿಯಲು ಏನು ಕಷ್ಟ?

ಮನೆಗೆ ಬಂದರೆ ಇನ್ನೊಂದು ಮೆರವಣಿಗೆ. ನಮ್ಮ ಕಡೆ ಯಾರಾದರೂ ಗಲ್ಫಿಗೆ ಹೊರಟರೆ ಸುತ್ತಿನ ಮನೆಗಳಿಂದ ಕಟ್ಟುಗಳು ಬರುತ್ತವೆ. ಮಗನಿಗೆ ಹಲಸಿನ ಹಪ್ಪಳ, ಅಳಿಯನಿಗೆ ಒಣಮೀನು, ಯಾರದೋ ಮೊಣಕಾಲು ನೋವಿಗೆ ಎಣ್ಣೆ. ಬೇಡ ಎನ್ನುವ ಕ್ರಮ ಇಲ್ಲ. ಇಷ್ಟು ವರ್ಷ ನನ್ನ ಮಗಳ ಅಂಗಿ ಊರಿಗೆ ಬಂದದ್ದು ಅವರದೇ ಕೈಯಲ್ಲಿ. ಕೊನೆಯ ವಾರ ನಮ್ಮ ಚಾವಡಿಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ.

"ಇಷ್ಟೆಲ್ಲ ಹೊತ್ಕೊಂಡು ಹೋಗ್ಲಿಕ್ಕೆ ನಾವೇನು ಲಾರಿಯಾ?" ಎಂದಳು ಝುಬೈದಾ.

"ಎಲ್ಲ ಹಿಡಿಸ್ತದೆ. ನಾನು ಅಳತೆ ನೋಡಿದ್ದೇನೆ."

ನಮ್ಮದೆಂದು ಒಂದೇ ರಟ್ಟಿನ ಪೆಟ್ಟಿಗೆ. ಅದರಲ್ಲಿ ಕುಚ್ಚಲಕ್ಕಿ, ಕಾವಲಿ, ಎರಡು ಹೊದಿಕೆ. ಶಾಲೆಯ ಕಾಗದಗಳ ಫೈಲು ಮಡಚದೆ ಹೋಗಲೆಂದು ಅದನ್ನು ಹೊದಿಕೆಗಳ ನಡುವೆ ಇಟ್ಟೆ. ಝುಬೈದಾ ಅದು ತನ್ನ ಕೈಚೀಲದಲ್ಲಿರಲಿ ಎಂದಳು. ನಾನು ಕೇಳಲಿಲ್ಲ. ಕೈಚೀಲ ಬಸ್ಸಿನಲ್ಲಿ ಮರೆತುಹೋಗುತ್ತದೆ, ಟಾಯ್ಲೆಟ್ಟಿನಲ್ಲಿ ಉಳಿಯುತ್ತದೆ. ಪೆಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ. ದಪ್ಪ ಬಟ್ಟೆ ಸುತ್ತಿ, ಎರಡು ಎಳೆ ನೂಲಿನಲ್ಲಿ ನಾಲ್ಕೂ ಬದಿ ಹೊಲಿದೆ. ಇದನ್ನು ಬಿಚ್ಚುವ ಕಳ್ಳ ಹುಟ್ಟಿಲ್ಲ ಎಂದು ಮನೆಯವರೆಲ್ಲ ಕೇಳುವಂತೆ ಹೇಳಿಯೂ ಹೇಳಿದೆ.

ವಿಮಾನ ನಿಲ್ದಾಣ

ಝುಬೈದಾಳ ತಮ್ಮ ಇಕ್ಬಾಲ್ ಕಡಬದಲ್ಲಿ ಜೀಪು ಓಡಿಸುತ್ತಾನೆ. ಮಂಗಳವಾರ ಸಂಜೆ ನಮ್ಮನ್ನೂ ಗಂಟುಗಳನ್ನೂ ಅವನೇ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಮುಟ್ಟಿಸಿದ. ತೂಕದ ಯಂತ್ರದ ಮೇಲೆ ಒಂದೊಂದೇ ಇಟ್ಟಾಗ ಕೌಂಟರಿನ ಹುಡುಗಿಯ ಮುಖ ಸಣ್ಣಗಾಗುತ್ತ ಹೋಯಿತು. ಒಂದು ಪೆಟ್ಟಿಗೆಯಷ್ಟು ಭಾರ ಹೆಚ್ಚಿತ್ತು. ಅಳತೆ ನನ್ನ ಕಸುಬು. ತೂಕ ಬೇರೆಯವರ ಕಸುಬು ಎಂದು ನನಗೆ ಮೊದಲೇ ಹೊಳೆಯಬೇಕಿತ್ತು.

"ಯಾವುದಾದ್ರೂ ಒಂದು ತೆಗೀರಿ ಸಾರ್. ಹಿಂದೆ ಜನ ಕಾಯ್ತಿದ್ದಾರೆ."

ತಿರುಗಿ ನೋಡಿದರೆ ಸಾಲು ಬಾಗಿಲಿನವರೆಗೆ ಬೆಳೆದಿತ್ತು. ಊರವರ ಕಟ್ಟು ತೆಗೆಯುವುದೇ? ಅದು ಅಮಾನತ್ತು, ನಂಬಿ ಕೊಟ್ಟದ್ದು. ಅವರ ಮಗ ಅಲ್ಲಿ ಕಾಯುತ್ತಿರುತ್ತಾನೆ. ಬೇರೆಯವರ ಹಪ್ಪಳ ಬಿಟ್ಟು ನನ್ನ ಕಾವಲಿ ಒಯ್ದರೆ ನಾಳೆ ಯಾವ ಮುಖದಲ್ಲಿ ಈಶ್ವರಮಂಗಲದ ಮಸೀದಿಗೆ ಹೋಗುವುದು? ಎರಡು ಸಲ ಯೋಚಿಸಲಿಲ್ಲ. ನಮ್ಮ ಪೆಟ್ಟಿಗೆಯನ್ನು ಎತ್ತಿ ಹೊರಗೆ ನಿಂತಿದ್ದ ಇಕ್ಬಾಲನ ಕೈಗೆ ಕೊಟ್ಟೆ.

"ಭಾವಾ, ಇದು ನಿಮ್ಮದಲ್ವಾ?"

"ನಮ್ಮದೇ. ಅದಕ್ಕೇ ಕೊಟ್ಟದ್ದು. ತಗೊಂಡು ಹೋಗು."

ನನ್ನ ನ್ಯಾಯವನ್ನು ನಾನೇ ಮೆಚ್ಚಿಕೊಂಡು ವಿಮಾನದಲ್ಲಿ ಬೆಲ್ಟ್ ಕಟ್ಟಿದೆ. ಮಗಳು ಕಿಟಕಿಯಿಂದ ಹೊರಗೆ ನೋಡುತ್ತ, ಅಂಗಿಯ ಎಡತೋಳಿನ ಬಟನನ್ನು ಹಾಕಿ, ತೆಗೆದು, ಪುನಃ ಹಾಕಿದಳು. ಮೊದಲ ವಿಮಾನ, ಹೆದರಿಕೆ ಇರಬೇಕು ಎಂದುಕೊಂಡೆ.

ನಿಝ್ವಾ, ಬುಧವಾರ

ನಿಝ್ವಾದಲ್ಲಿ ಅಡಿಕೆ ಮರ ಇಲ್ಲ, ಅದೇ ಸಾಲಿನಲ್ಲಿ ಖರ್ಜೂರದ ಮರ ಇದೆ. ನಡುವೆ ಕಲ್ಲಿನ ಕಾಲುವೆಯಲ್ಲಿ ನೀರು ಹರಿಯುತ್ತದೆ. ಯಾರ ತೋಟಕ್ಕೆ ಎಷ್ಟು ಹೊತ್ತು ಎಂದು ಪಾಲು ಉಂಟಂತೆ. ನೀರಿನ ಪಾಲು ಕೇಳಿ ಝುಬೈದಾ ನಕ್ಕಳು. "ಹಾಗಾದರೆ ಇಲ್ಲಿಯೂ ಜಗಳ ಉಂಟು. ಊರು ಒಳ್ಳೇದೇ."

ಬಾಡಿಗೆ ಮನೆಯ ಬಾಗಿಲು ತೆರೆದು ಒಂದು ಗಂಟೆ ಆಗಿರಲಿಲ್ಲ, ಪಕ್ಕದ ಮನೆಯ ಒಮಾನಿ ಹೆಂಗಸು ಖರ್ಜೂರ, ಕಾಫಿಯ ಹೂಜಿ ಹಿಡಿದು ಬಂದಳು. ಇಲ್ಲಿನ ಕಾಫಿಗೆ ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಉಂಟು. ಕಪ್ಪು ನಮ್ಮ ಅಂಗೈಯಷ್ಟೂ ಇಲ್ಲ. ನಾನು ಹೊರಗೆ ಸಾಮಾನು ಇಳಿಸುತ್ತಿದ್ದೆ. ಒಳಗೆ ಬಂದಾಗ ಝುಬೈದಾಳ ಮುಖ ಬಾಡಿತ್ತು.

"ಒಂಬತ್ತು ಕಪ್ಪು ಕುಡಿದೆ. ಖಾಲಿ ಮಾಡಿದ ಹಾಗೆ ತುಂಬಿಸ್ತಾಳೆ. ಬೇಡ ಅನ್ಲಿಕ್ಕೆ ಮಾತು ಗೊತ್ತಿಲ್ಲ, ಕುಡಿಯದಿದ್ರೆ ಬೇಜಾರ್ ಮಾಡ್ಕೊಂಡ್ರೆ?"

ಮಾತು ಬೇಡ, ಸಾಕಾದರೆ ಖಾಲಿ ಕಪ್ಪನ್ನು ಎರಡು ಬೆರಳಲ್ಲಿ ಹಿಡಿದು ಹೀಗೆ ಅಲ್ಲಾಡಿಸಿದರೆ ಆಯಿತು, ಯಾರೂ ಬೇಜಾರು ಮಾಡುವುದಿಲ್ಲ ಎಂದು ತೋರಿಸಿದೆ. ಸಫಾ ನಗುತ್ತ ನಗುತ್ತ ನೆಲಕ್ಕೆ ಕುಳಿತಳು. ಮಗಳು ಹಾಗೆ ನಗುವುದನ್ನು ನಾನು ಫೋನಿನಲ್ಲಿ ಮಾತ್ರ ಕೇಳಿದ್ದೆ.

ನಿಝ್ವಾ, ಗುರುವಾರ

ಮಧ್ಯಾಹ್ನ ಶಾಲೆಗೆ ಹೋದೆವು. ಸೀಟು ಮೊದಲೇ ಮಾತಾಗಿತ್ತು. ಮೇಜಿನ ಹಿಂದೆ ಕೇರಳದ ಒಬ್ಬರು ಸಮಾಧಾನದ ಮನುಷ್ಯ ಕುಳಿತಿದ್ದರು. "ಅಸಲು ಕಾಗದ ಕೊಡಿ," ಎಂದರು.

ನಾನು ಝುಬೈದಾಳನ್ನು ನೋಡಿದೆ. ಝುಬೈದಾ ನನ್ನನ್ನು ನೋಡಿದಳು. ಎರಡು ಹೊದಿಕೆಗಳ ನಡುವೆ ಮಡಚದೆ ಮಲಗಿದ್ದ ಫೈಲು ಆಗ ನನ್ನ ಕಣ್ಣ ಮುಂದೆ ಬಂತು. ಆ ಪೆಟ್ಟಿಗೆ ಕಡಬದಲ್ಲಿತ್ತು.

ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅವರು ಆಗದೆಂದು ತಲೆಯಾಡಿಸಿದರು. ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಎರಡು ದಿನ ಇಲ್ಲಿ ರಜೆ. "ಭಾನುವಾರ ಹತ್ತು ಗಂಟೆಯವರೆಗೆ ಇಡ್ತೇನೆ. ಕಾಯುವವರ ಪಟ್ಟಿ ಉಂಟು, ಅವರಿಗೂ ನಾನು ಉತ್ತರ ಕೊಡ್ಬೇಕಲ್ಲ?" ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಝುಬೈದಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರ್ಧ ಖಾಲಿ ಮಾಡಿದ್ದ ಸೂಟ್‌ಕೇಸಿಗೆ ಬಟ್ಟೆಗಳನ್ನು ಒಂದೊಂದಾಗಿ ವಾಪಸ್ಸು ಇಟ್ಟು, ಝಿಪ್ ಎಳೆದು, ಗೋಡೆಗೆ ಒರಗಿಸಿ ನಿಲ್ಲಿಸಿದಳು. ಆಮೇಲೆ ಹೇಳಿದಳು, "ಆ ಕಪ್ಪು ಅಲ್ಲಾಡಿಸುವ ವಿದ್ಯೆ ನೀವು ಊರಿನಲ್ಲಿ ಸ್ವಲ್ಪ ತೋರಿಸಿದ್ದರೆ ನಮ್ಮ ಪೆಟ್ಟಿಗೆ ಕಡಬಕ್ಕೆ ಹೋಗ್ತಿರಲಿಲ್ಲ."

ಆ ಸೂಟ್‌ಕೇಸನ್ನು ನೋಡಿ ನನಗೆ ಹಟ ಬಂತು. ಹದಿನಾಲ್ಕು ವರ್ಷ ಕಾದು ತಂದ ಸಂಸಾರವನ್ನು ಒಂದು ಹೊಲಿಗೆಯ ತಪ್ಪಿಗೆ ವಾಪಸ್ಸು ಕಳುಹಿಸುವವನು ನಾನಲ್ಲ. ತಪ್ಪು ಹೊಲಿದರೆ ಬಿಚ್ಚಿ ಪುನಃ ಹೊಲಿಯುವುದು, ಅಷ್ಟೇ. ಇಕ್ಬಾಲನಿಗೆ ಫೋನ್ ಮಾಡಿದೆ. "ಕೊರಿಯರಿಗೆ ಸಮಯ ಇಲ್ಲ. ಶನಿವಾರದೊಳಗೆ ಮಸ್ಕತ್ತಿಗೆ ಹಾರುವವರು ಯಾರಾದರೂ ಇದ್ದೇ ಇರ್ತಾರೆ. ಹುಡುಕು."

"ಜೀಪಿನವರ ಬಾಯಿಗೆ ಹಾಕ್ತೇನೆ ಭಾವಾ. ಅವರಿಗೆ ಗೊತ್ತಿಲ್ಲದ್ದು ಮೂರು ತಾಲೂಕಿನಲ್ಲಿ ಇಲ್ಲ."

ನಿಝ್ವಾ, ಶುಕ್ರವಾರ

ಮನೆಯಲ್ಲಿ ಕುಳಿತರೆ ಆ ಸೂಟ್‌ಕೇಸು ಕಾಣುತ್ತದೆ ಎಂದು ಇಬ್ಬರನ್ನೂ ಆಡಿನ ಸಂತೆಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಆಡು ನಿಂತಿರುತ್ತದೆ, ಜನ ಸುತ್ತುತ್ತಾರೆ. ಇಲ್ಲಿ ಜನ ದುಂಡಗೆ ಕುಳಿತಿರುತ್ತಾರೆ, ಮಾರುವವನು ಆಡನ್ನು ಹಿಡಿದುಕೊಂಡು ಅವರ ಮುಂದೆ ಸುತ್ತು ಹೊಡೆಯುತ್ತಾನೆ. ಕೊಳ್ಳುವವನು ಕೈ ಎತ್ತಿ ನಿಲ್ಲಿಸಿ, ಬಾಯಿ ತೆರೆಸಿ ಹಲ್ಲು ನೋಡಿ, ಬೇಡ ಎಂದು ಬೆನ್ನು ತಟ್ಟಿ ಕಳುಹಿಸುತ್ತಾನೆ. ಒಂದು ಬಿಳಿ ಆಡು ಹನ್ನೊಂದು ಸುತ್ತು ಬಂತು. ಸಫಾ ಎಣಿಸಿದಳು.

"ಪಾಪ, ಇದನ್ನು ಯಾರೂ ತಗೊಳ್ಳುದಿಲ್ಲ. ಇದರ ಟಿ.ಸಿ. ಕೂಡ ಊರಲ್ಲೇ ಉಳಿದಿರ್ಬೇಕು," ಎಂದಳು. ಝುಬೈದಾಳಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಇಕ್ಬಾಲನ ಫೋನ್ ಬಂತು. ಸುಳ್ಯದ ಹತ್ತಿರ ಅಜ್ಜಾವರದಲ್ಲಿ ದೇವಕಿ ಟೀಚರ್ ಎಂಬವರು ಸಿಕ್ಕಿದ್ದರು. ನಿವೃತ್ತರಾದವರು, ಮಸ್ಕತ್ತಿನಲ್ಲಿರುವ ಮಗಳ ಬಾಣಂತನಕ್ಕೆ ಶನಿವಾರ ಹೊರಟಿದ್ದರು. ಇಕ್ಬಾಲ್ ಪೆಟ್ಟಿಗೆಯನ್ನು ನಾನು ಹೊಲಿದ ಹಾಗೆಯೇ ಜೀಪಿನಲ್ಲಿ ಹಾಕಿಕೊಂಡು ಅವರ ಅಂಗಳಕ್ಕೆ ಹೋಗಿದ್ದ.

"ಭಾವಾ, ಮೊದಲು ಆಗುದೇ ಇಲ್ಲ ಅಂದ್ರು. ಗುರುತಿಲ್ಲದವರದ್ದು ಒಂದು ಸೂಜಿಯೂ ತರಬೇಡಿ ಅಂತ ಅವರ ಅಳಿಯ ಹೇಳಿದ್ದಾರಂತೆ. ನಾನು ಕೈ ಮುಗಿದೆ. ಆಮೇಲೆ, ಹೊಲಿದ ಕಟ್ಟು ನಾನು ಮುಟ್ಟುದಿಲ್ಲ, ನನ್ನ ಎದುರೇ ಬಿಚ್ಚು ಅಂದ್ರು. ನೀವು ಎಂತ ಹೊಲಿಗೆ ಹಾಕಿದ್ದು ಮಾರಾಯ್ರೆ! ಕತ್ತರಿ ಸೋತಿತು. ಕೊನೆಗೆ ಅವರೇ ತರಕಾರಿ ಹಚ್ಚುವ ಮೆಟ್ಟುಕತ್ತಿ ತಂದುಕೊಟ್ರು."

"ಆಮೇಲೆ?"

"ಆಮೇಲೆ ಎಂತ, ಚಾವಡಿಯಲ್ಲಿ ಕೂತು ಒಂದೊಂದು ಕಾಗದವನ್ನೂ ಓದಿದ್ರು. ಮುಕ್ಕಾಲು ಗಂಟೆ. ಹುಡುಗಿ ಗಣಿತದಲ್ಲಿ ಜೋರುಂಟು, ಇವಳ ಒಂದು ವರ್ಷ ಹಾಳು ಮಾಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿ ಫೈಲನ್ನು ಅವರ ಕೈಚೀಲಕ್ಕೆ ಹಾಕಿದ್ರು."

ಕೈಚೀಲಕ್ಕೆ! ಝುಬೈದಾ ಇದನ್ನು ಕೇಳಿಸಿಕೊಂಡಳು. ತನ್ನ ಕೈಚೀಲವನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು.

ಮಸ್ಕತ್, ಶನಿವಾರ

ನಿಝ್ವಾದಿಂದ ಮಸ್ಕತ್ತಿನ ವಿಮಾನ ನಿಲ್ದಾಣಕ್ಕೆ ಗುಡ್ಡಗಳ ನಡುವಿನ ದಾರಿ. ಮಣ್ಣಿನ ಬಣ್ಣದ ಬೋಳು ಗುಡ್ಡಗಳು, ಒಂದು ಹುಲ್ಲುಕಡ್ಡಿ ಇಲ್ಲ. ಗೆಳೆಯನ ಕಾರು ತೆಗೆದುಕೊಂಡು ಒಬ್ಬನೇ ಹೋದೆ. ವಿಮಾನ ಇಳಿಯುವ ಎರಡು ಗಂಟೆ ಮೊದಲೇ ಬಾಗಿಲಿನ ಎದುರು ನಿಂತಿದ್ದೆ.

ದೇವಕಿ ಟೀಚರನ್ನು ಗುರುತಿಸಲು ಕಷ್ಟವಾಗಲಿಲ್ಲ. ನೂಲಿನ ಸೀರೆ, ಕಾಲಿಗೆ ಹೊಸ ಶೂ, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದ ಚೀಲ. ಅವರ ಅಳಿಯ ನನಗೆ ನಮಸ್ಕಾರ ಹೇಳಿ ಕಾರು ತರಲು ಹೋದ. ಟೀಚರ್ ಕುರ್ಚಿಯಲ್ಲಿ ಕುಳಿತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನೀವಾ ಟೈಲರ್?"

"ಹೌದು ಟೀಚರ್. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

"ಉಪಕಾರ ಮತ್ತೆ. ಕೊಡುವ ಮೊದಲು ನನಗೆ ಖಾತ್ರಿ ಆಗ್ಬೇಕು. ಮಗುವಿನ ಕಾಗದ ಇದು."

ಫೋನಿನಲ್ಲಿದ್ದ ಮಗಳ ಫೋಟೋ ತೋರಿಸಲು ಹೋದೆ. ಬೇಡವೆಂದು ಕೈ ಎತ್ತಿದರು. "ಫೋಟೋ ಎಲ್ಲ ಈಗ ಯಾರು ಬೇಕಾದ್ರೂ ಮಾಡ್ತಾರೆ. ನಾನು ಕೇಳ್ತೇನೆ, ನೀವು ಹೇಳಿ." ಕನ್ನಡಕ ಹಾಕಿ ಫೈಲು ತೆರೆದರು. ನಾನು ಕೈ ಕಟ್ಟಿ ನಿಂತೆ. ಆರನೇ ಕ್ಲಾಸಿನ ನಂತರ ಟೀಚರೊಬ್ಬರ ಎದುರು ಪರೀಕ್ಷೆಗೆ ನಿಂತದ್ದು ಅದೇ ಮೊದಲು.

ಹುಟ್ಟಿದ ತಾರೀಕು ಕೇಳಿದರು, ಹೇಳಿದೆ. ಎಂಟನೆಯದರಲ್ಲಿ ಗಣಿತಕ್ಕೆ ಎಷ್ಟು ಎಂದರು. "ತೊಂಬತ್ತೊಂದು," ಎಂದೆ, ತಲೆ ಎತ್ತಿ. ಅವರು ಆರೋಗ್ಯ ಕಾರ್ಡು ತೆರೆದರು.

"ಮೈಮೇಲೆ ಗುರುತು ಎಂತದ್ದುಂಟು?"

ನನಗೆ ಗೊತ್ತಿರಲಿಲ್ಲ. ಮೂರು ತಿಂಗಳ ಮಗುವಿನ ಬೆನ್ನಿನಲ್ಲಿ ಒಂದು ಮಚ್ಚೆ ಇತ್ತೇ? ಅದು ನನ್ನ ತಮ್ಮನ ಮಗಳದ್ದೇ? ನಾನು ಯೋಚಿಸಿದಷ್ಟೂ ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಅಪ್ಪ ಅಂತ ಹೇಳ್ತೀರಿ. ಮಗಳ ಗುರುತು ಗೊತ್ತಿಲ್ವಾ ಮಾರಾಯ್ರೆ?"

"ಗುರುತು ಗೊತ್ತಿಲ್ಲ ಟೀಚರ್. ಅಳತೆ ಗೊತ್ತುಂಟು." ಅಂಗಡಿಯಲ್ಲಿ ಅಳತೆ ಬರೆಸುವ ಹಾಗೆ ಹೇಳುತ್ತ ಹೋದೆ. "ಹೆಗಲು ಹದಿಮೂರುವರೆ. ತೋಳು ಇಪ್ಪತ್ತೊಂದು. ಬಲ ಹೆಗಲಿಗೆ ಬಟ್ಟೆ ಎರಡು ಮಡಿ ಇಡ್ಬೇಕು, ಬ್ಯಾಗು ಅದೇ ಕಡೆ ಹಾಕುದು, ಹಳೇ ಅಂಗಿಯೆಲ್ಲ ಅಲ್ಲೇ ಸವೆದದ್ದು. ಕುತ್ತಿಗೆ ಬಿಗಿ ಆದರೆ ಆಗುದಿಲ್ಲ. ಮಣಿಕಟ್ಟು ಐದೂಮುಕ್ಕಾಲು, ಅಲ್ಲಿ ಮಾತ್ರ ಬಿಗಿ ಬೇಕು. ಪಟ್ಟಿ ಇಟ್ಟು ಬಟನ್ ಹಾಕ್ಬೇಕು. ಕೈ ಎತ್ತಿದರೆ ಮೇಲೆ ಜಾರ್ಬಾರ್ದು."

ಟೀಚರ್ ಕಾರ್ಡನ್ನು ಇನ್ನೊಮ್ಮೆ ನೋಡಿದರು. ಅವರ ದನಿ ಇಳಿದಿತ್ತು. "ಎಡಗೈ ಮಣಿಕಟ್ಟಿನ ಮೇಲೆ ಸುಟ್ಟ ಕಲೆ. ಹಾಗೆ ಬರ್ದಿದ್ದಾರೆ ಇಲ್ಲಿ."

ನಾನು ಮುತ್ತಿನಂಥ ಬಟನ್ ಹುಡುಕಿದ ಅಂಗಡಿ ನೆನಪಾಯಿತು. ಮೂರು ಅಂಗಡಿ ತಿರುಗಿದ್ದೆ, ಹೊಳಪು ಸಾಲದೆಂದು. ಒಂದು ತಿಂಗಳು ಒಂದೇ ಮನೆಯಲ್ಲಿದ್ದು, ಮುದ್ರೆ ಮುದ್ರೆ ಎಂದು ಓಡಿ, ಕೈಯಲ್ಲೇ ಇದ್ದ ಆ ಕಾರ್ಡಿಗೂ ಮುದ್ರೆ ಹಾಕಿಸಿ, ಅದರಲ್ಲಿ ಏನು ಬರೆದಿದೆ ಎಂದು ಓದಿರಲಿಲ್ಲ.

ಟೀಚರ್ ಫೈಲನ್ನು ಮುಚ್ಚಿ ನನ್ನ ಎರಡೂ ಕೈಗೆ ಕೊಟ್ಟರು. "ಅಪ್ಪನೇ ಹೌದು," ಎಂದರು. "ತಗೊಳ್ಳಿ. ಮತ್ತೆ ಇದನ್ನು ಎಲ್ಲಿಯೂ ಹೊಲಿದು ಇಡ್ಬೇಡಿ."

ನಿಝ್ವಾ

ಮನೆಗೆ ಬಂದು ಝುಬೈದಾಳನ್ನು ಅಡುಗೆಮನೆಗೆ ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಎರಡು ವರ್ಷದ ಹಿಂದೆ ಝುಬೈದಾಳಿಗೆ ಜೋರು ಜ್ವರ ಬಂದಿದ್ದಾಗ ಸಫಾ ಒಬ್ಬಳೇ ರೊಟ್ಟಿ ಸುಡಲು ಹೋಗಿದ್ದಳು, ಕಾವಲಿ ಜಾರಿತು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದರೆ ಎಂತ ಮಾಡ್ತಿದ್ದಿರಿ? ಅಲ್ಲಿಂದ ಊದ್ತಿದ್ದಿರಾ?"

ಆ ರಾತ್ರಿ ಫೈಲನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ಅದನ್ನು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಶಾಲೆಯ ಮೇಜಿನ ಮೇಲೆ ಇಟ್ಟೆ. ಕೇರಳದವರು ಮುದ್ರೆಗಳನ್ನು ಎಣಿಸಿ, ಒಂದೂ ಕಡಿಮೆ ಇಲ್ಲವೆಂದು ತಲೆಯಾಡಿಸಿ, ಪುಸ್ತಕದಲ್ಲಿ ಸಫಾಳ ಹೆಸರು ಬರೆದರು. ಸಹಿ ಎಲ್ಲಿ ಎಂದು ತೋರಿಸಿದಾಗ ನಾನು ಫಾರಂ ಪೂರ್ತಿ ಓದಿದೆ. ನಿಧಾನ ಓದಿದೆ. ಅವರು ಕಾದರು.

ಮಧ್ಯಾಹ್ನ ಗೋಡೆಗೆ ಒರಗಿದ್ದ ಸೂಟ್‌ಕೇಸು ಖಾಲಿಯಾಯಿತು. ನಾನು ಅಂಗಡಿಯಿಂದ ಸಮವಸ್ತ್ರದ ಬಟ್ಟೆ ತಂದೆ. ಝುಬೈದಾ ಎಂದಿನಂತೆ ಅಳತೆ ಹೇಳತೊಡಗಿದಳು. ಫೋನಿನ ಅಳತೆ ಇನ್ನು ಬೇಡ ಎಂದು ಟೇಪ್ ತೆಗೆದು ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದೆ. ಹೆಗಲು ಹದಿನಾಲ್ಕು. ತೋಳು ಇಪ್ಪತ್ತೆರಡು. ನಾನು ಟೀಚರಿಗೆ ಹೇಳಿದ ಲೆಕ್ಕ ಎರಡೂ ತಪ್ಪಿತ್ತು, ಮಗಳು ಬೆಳೆದಿದ್ದಳು.

ಟೇಪ್ ಎಡ ಮಣಿಕಟ್ಟಿಗೆ ಬಂದಾಗ ಅವಳು ಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದಳು. ನಾನು ಟೇಪ್ ಹಿಡಿದುಕೊಂಡೇ ಕಾದೆ.

"ಇಲ್ಲಿ ಬಟನ್ ಇಡ್ಲಾ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಯಾರು ಹೇಳಿದ್ದು ಉಪ್ಪಾ?"

"ಅಜ್ಜಾವರದ ಟೀಚರ್."

"ಅಲ್ಲಾ! ಹಾಗಾದರೆ ಇಡೀ ಸುಳ್ಯಕ್ಕೆ ಗೊತ್ತಾಯ್ತು." ನಗು ಬಂತು ಅವಳಿಗೆ. ಆಮೇಲೆ ತಾನೇ ಬಟನ್ ಬಿಚ್ಚಿ ತೋಳು ಮೇಲಕ್ಕೆ ಸರಿಸಿದಳು. ಕಲೆ ನಾನು ಹೆದರಿದಷ್ಟು ದೊಡ್ಡದಿರಲಿಲ್ಲ. ಎರಡೂವರೆ ಇಂಚು. ಅಂಚಿನಲ್ಲಿ ಸ್ವಲ್ಪ ಸುಕ್ಕು, ಇಸ್ತ್ರಿ ತಾಗಿದ ಬಟ್ಟೆಯ ಹಾಗೆ. ಊದು ಎಂದು ಯಾರೂ ಹೇಳಲಿಲ್ಲ. ನಾನು ಅದರ ಮೇಲೆ ಮೆಲ್ಲನೆ ಊದಿದೆ.

"ಈಗ ಉರಿಯುದಿಲ್ಲ ಉಪ್ಪಾ," ಎಂದಳು. ಕೈ ಮಾತ್ರ ಹಿಂದಕ್ಕೆ ಎಳೆಯಲಿಲ್ಲ.

"ಬಟನ್?"

ಅವಳು ಯೋಚಿಸಿದಳು. "ಇರ್ಲಿ. ಆದರೆ ಬಿಗಿ ಬೇಡ."

ಅರ್ಧ ಇಂಚು ಸಡಿಲ ಬಿಟ್ಟು ಕತ್ತರಿಸಿದೆ.